ಹೊಸಪೇಟೆ ಸುತ್ತ ಬ್ಯಾಟರಿ ಗಾಡಿ: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಹಂಪಿಯ ಗೆಜ್ಜಲ ಮಂಟಪದಿಂದ ವಿಜಯ ವಿಠ್ಠಲ ದೇವಾಲಯಕ್ಕೆ ಸುಮಾರು ಒಂದು ಕಿಲೋಮೀಟರ್. ಪ್ರವಾಸಿಗರ ಕಾರು, ಬಸ್ಸುಗಳೆಲ್ಲ ಮಂಟಪದ ಬಳಿಯೇ ನಿಲ್ಲುತ್ತವೆ. ಅಲ್ಲಿಂದ ಮುಂದೆ ನಡೆಯಬೇಕು, ಇಲ್ಲವೇ ಬದಿ ತೆರೆದ ಬ್ಯಾಟರಿ ಗಾಡಿ ಹತ್ತಬೇಕು. ಚಾಲಕರ ಸೀಟಿನಲ್ಲಿ ಮಹಿಳೆಯರನ್ನು ಕಾಣುವುದು ಇಲ್ಲಿ ಮಾಮೂಲು. ಗಾಡಿ ಕುದುರೆಗೊಂಬೆ ಮಂಟಪ ದಾಟಿ, ಪುಷ್ಕರಣಿಯ ಪಕ್ಕದಲ್ಲಿ ಹಾದು, ಐದಾರು ನಿಮಿಷದಲ್ಲಿ ದೇವಾಲಯದ ಮುಂದೆ ಇಳಿಸುತ್ತದೆ. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ ಅಲ್ಲಿಂದ ನಾಲ್ಕು ಹೆಜ್ಜೆ.

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತ್ತು. ಆನೆಗೊಂದಿ ಕಡೆಗೆ ಕಟ್ಟುತ್ತಿದ್ದ ಸೇತುವೆಗಳೂ ಅವುಗಳಿಂದ ಬರಲಿದ್ದ ವಾಹನಗಳ ಒತ್ತಡವೂ ಅದಕ್ಕೆ ಕಾರಣ. 2006ರಲ್ಲಿ ಆ ಪಟ್ಟಿಯಿಂದ ಹೊರಬಂದ ಊರಿಗೆ ಹೊಗೆಯ ಗಾಡಿಯನ್ನು ಸ್ಮಾರಕದಿಂದ ದೂರ ನಿಲ್ಲಿಸುವುದು ಅನಿವಾರ್ಯವಾಗಿತ್ತು. ಆಗ್ರಾದಲ್ಲೂ ತಾಜ್‌ಮಹಲಿನ ಹತ್ತಿರಕ್ಕೆ ಹೋಗುವುದು ಬ್ಯಾಟರಿ ಗಾಡಿಯಲ್ಲೇ.

ಹಂಪಿಯಲ್ಲಿ ಇದು ನಡೆಯುವುದಕ್ಕೆ ಪರಿಸರ ಕಾಳಜಿಗಿಂತ ಸರಳವಾದ ಕಾರಣಗಳಿವೆ. ದಾರಿ ಗೊತ್ತಿರುವಂಥದ್ದು, ವೇಗ ಬೇಕಿಲ್ಲ, ದಿನಕ್ಕೆ ಇಪ್ಪತ್ತು ಸಲ ಹೋಗಿ ಬಂದರೂ ಓಟ 40 ಕಿ.ಮೀ. ಮೀರುವುದಿಲ್ಲ. ಸಂಜೆ ಗಾಡಿ ಹೊರಟ ಜಾಗಕ್ಕೇ ಮರಳುತ್ತದೆ, ರಾತ್ರಿಯ ಹೊತ್ತೆಲ್ಲ ಚಾರ್ಜಿಗೆ ಸಿಗುತ್ತದೆ. ಹೊಸಪೇಟೆ, ಕಮಲಾಪುರ, ಸಂಡೂರು, ಕಂಪ್ಲಿಯಲ್ಲಿ ಬ್ಯಾಟರಿ ಸ್ಕೂಟರ್ ಅಥವಾ ಆಟೋ ಕೊಳ್ಳಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದದ್ದೂ ಇದನ್ನೇ. ಒಂದು ಚಾರ್ಜಿಗೆ ಎಷ್ಟು ಓಡುತ್ತದೆ ಎಂದು ಷೋರೂಮಿನಲ್ಲಿ ಎಲ್ಲರೂ ಕೇಳುತ್ತಾರೆ. ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ, ಅಲ್ಲಿ ಪ್ಲಗ್ ಇದೆಯೇ ಎಂದು ಮನೆಯಲ್ಲೇ ಕೇಳಿಕೊಂಡು ಬರುವವರು ಕಡಿಮೆ.

ಯಾವ ಗಾಡಿಗೆ ಯಾವ ಕಾನೂನು

ಬ್ಯಾಟರಿ ಗಾಡಿ ಎಂಬ ಒಂದೇ ಹೆಸರಿನಡಿ ಕಾನೂನಿನ ದೃಷ್ಟಿಯಲ್ಲಿ ನಾಲ್ಕು ಬಗೆಯ ವಾಹನಗಳಿವೆ. ಮೋಟರಿನ ಶಕ್ತಿ 250 ವ್ಯಾಟ್ ಮೀರದ, ಗಂಟೆಗೆ 25 ಕಿ.ಮೀ.ಗಿಂತ ಜೋರಾಗಿ ಓಡದ, ಬ್ಯಾಟರಿ ಬಿಟ್ಟು 60 ಕಿಲೋ ಮೀರದ ದ್ವಿಚಕ್ರವನ್ನು ಕಾನೂನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ನೋಂದಣಿ, ನಂಬರ್ ಪ್ಲೇಟ್, ಲೈಸೆನ್ಸ್ ಯಾವುದೂ ಬೇಡ. ಕಾಲೇಜು ರಸ್ತೆಯಿಂದ ಪಟೇಲ್ ನಗರಕ್ಕೆ ಹೋಗಿಬರುವವರಿಗೆ, ಹಂಪಿಯಲ್ಲಿ ದಿನವಿಡೀ ಗುಡಿಯಿಂದ ಗುಡಿಗೆ ಸುತ್ತುವವರಿಗೆ ಇದು ಸಾಕು. ಹೆಲ್ಮೆಟ್ ಕಡ್ಡಾಯವಲ್ಲದಿದ್ದರೂ ಹಾಕಿಕೊಳ್ಳುವುದು ಬುದ್ಧಿವಂತಿಕೆ, ಏಕೆಂದರೆ ತಲೆಗೆ ಬೀಳುವ ಏಟು ವ್ಯಾಟ್ ನೋಡುವುದಿಲ್ಲ. ಈ ಬಗೆಯಲ್ಲಿ ಒಂದು ಮೋಸವಿದೆ. ಕಾಗದದಲ್ಲಿ 250 ವ್ಯಾಟ್ ಎಂದಿದ್ದು, ಒಂದು ವೈರ್ ಬಿಚ್ಚಿದರೆ 45ರ ವೇಗದಲ್ಲಿ ಓಡುವ ಸ್ಕೂಟರ್‌ಗಳನ್ನು ‘ಲೈಸೆನ್ಸ್ ಬೇಡದ ಗಾಡಿ’ ಎಂದು ಮಾರುವವರಿದ್ದಾರೆ. ಹಾಗೆ ಬದಲಾಯಿಸಿದ ಕ್ಷಣದಿಂದ ಅದು ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನ. ಅಪಘಾತವಾದರೆ ಪರಿಹಾರದ ಹೊಣೆ ಪೂರ್ತಿ ಓಡಿಸಿದವರ ಮೇಲೆ.

ಎರಡನೆಯದು ನೋಂದಣಿಯಾಗುವ ಸ್ಕೂಟರ್. ಖಾಸಗಿ ಬಳಕೆಯದಕ್ಕೆ ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ, ಬಾಡಿಗೆಯದಕ್ಕೆ ಹಸಿರಿನ ಮೇಲೆ ಹಳದಿ ಅಕ್ಷರ. ಹೊಸಪೇಟೆಯಲ್ಲಿ ಕೆಎ-35ರ ಹಸಿರು ಪ್ಲೇಟುಗಳೆಂದರೆ ಇವೇ. ಮೂರನೆಯದು ಇ-ರಿಕ್ಷಾ: ಚಾಲಕನ ಜೊತೆ ನಾಲ್ಕೇ ಪ್ರಯಾಣಿಕರು, ಗರಿಷ್ಠ ವೇಗ 25 ಕಿ.ಮೀ. ಇದನ್ನು ಓಡಿಸಲು ಪ್ರತ್ಯೇಕ ಲೈಸೆನ್ಸ್ ಬೇಕು, ಅದಕ್ಕೆ ಮುನ್ನ ಕನಿಷ್ಠ ಹತ್ತು ದಿನದ ತರಬೇತಿ. ನಾಲ್ಕನೆಯದು ಮಾಮೂಲಿ ಆಟೋದಷ್ಟೇ ಗಟ್ಟಿಯಾದ, 45ರಿಂದ 55ರ ವೇಗ ಮುಟ್ಟುವ ಇ-ಆಟೋ ಮತ್ತು ಅದರ ಸರಕಿನ ರೂಪ. ಬ್ಯಾಟರಿಯ ಬಾಡಿಗೆ ವಾಹನಗಳಿಗೆ ಪರ್ಮಿಟ್ ಬೇಡವೆಂದು ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ವಿನಾಯಿತಿ ಕೊಟ್ಟಿತು. ಆದರೆ ನೋಂದಣಿ, ವಿಮೆ, ಲೈಸೆನ್ಸ್, ಫಿಟ್‌ನೆಸ್ ಸರ್ಟಿಫಿಕೇಟಿಗೆ ವಿನಾಯಿತಿ ಇಲ್ಲ.

ಊರಿಂದ ಊರಿಗೆ ದೂರ, ಬ್ಯಾಟರಿಯ ವಯಸ್ಸು

ಹೊಸಪೇಟೆಯಿಂದ ಅನಂತಶಯನಗುಡಿ, ಕಡ್ಡಿರಾಂಪುರ ಮೇಲೆ ಹಂಪಿಗೆ 12–13 ಕಿ.ಮೀ. ಸಂಡೂರಿಗೆ ಸುಮಾರು 30, ಕಂಪ್ಲಿಗೆ ಸುಮಾರು 33. ಹೋಗಿ ಬರುವ ಲೆಕ್ಕದಲ್ಲಿ ಹಂಪಿ 26, ಉಳಿದೆರಡೂ 60ರ ಆಚೀಚೆ.

ಮೂರು ಯೂನಿಟ್ ಸಾಮರ್ಥ್ಯದ ಬ್ಯಾಟರಿಯಿರುವ ಸ್ಕೂಟರ್‌ಗೆ ಕಂಪನಿಗಳು ಕೊಡುವ ಅಂಕಿ 120 ಕಿ.ಮೀ. ಆಸುಪಾಸಿನದು. ಅದು ಪ್ರಯೋಗಶಾಲೆಯ ಅಂಕಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಬಯಲಿನ ಎದುರುಗಾಳಿಯಲ್ಲಿ 50ರ ವೇಗದಲ್ಲಿ ಹೋದರೆ 90 ಸಿಗುತ್ತದೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದಾದ್ದರಿಂದ ಅದರಲ್ಲಿ ಐದನೇ ಒಂದು ಭಾಗ ಬಿಟ್ಟರೆ 72. ಐದಾರು ವರ್ಷ ಕಳೆದು ಬ್ಯಾಟರಿಯ ಸಾಮರ್ಥ್ಯ ಶೇ 20ರಷ್ಟು ಕುಸಿದ ಮೇಲೆ ಅದೇ 72 ಸುಮಾರು 58ಕ್ಕೆ ಇಳಿಯುತ್ತದೆ. ಅಂದರೆ ಹೊಸಪೇಟೆಯಲ್ಲಿದ್ದುಕೊಂಡು ಸಂಡೂರಿಗೆ ದಿನವೂ ಕೆಲಸಕ್ಕೆ ಹೋಗುವವರಿಗೆ ಈ ಗಾಡಿ ಮೊದಲ ವರ್ಷಗಳಲ್ಲಿ ನಿರಾಯಾಸ, ಸಾಲದ ಕಂತು ತೀರುವ ಹೊತ್ತಿಗೆ ಇಕ್ಕಟ್ಟು. ಅವರು ನಾಲ್ಕು ಯೂನಿಟ್‌ನ ಬ್ಯಾಟರಿ ಕೊಳ್ಳಬೇಕು, ಇಲ್ಲವೇ ಸಂಡೂರಿನಲ್ಲಿ ಕೆಲಸದ ಜಾಗದಲ್ಲೇ ಒಂದು ಪ್ಲಗ್ ಕೇಳಿ ಇಟ್ಟುಕೊಳ್ಳಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹ 2022ರ ಜನವರಿಯಿಂದ ತನ್ನ ನೌಕರರಿಗಾಗಿ ವಿದ್ಯುತ್ ವಾಹನ ನೀತಿಯೊಂದನ್ನು ಜಾರಿಗೆ ತಂದಿತು. ಕೆಲಸದ ಜಾಗದಲ್ಲೇ ಚಾರ್ಜಿಂಗ್ ಕೊಡುವುದೂ ಅದರ ಭಾಗ. ಪಾಳಿಯ ಎಂಟು ಗಂಟೆ ಗಾಡಿ ಸುಮ್ಮನೆ ನಿಂತಿರುತ್ತದೆ, ಅಲ್ಲಿ ವೇಗದ ಚಾರ್ಜರ್ ಬೇಕೇ ಆಗಿಲ್ಲ.

ಸಂಡೂರಿನ ದಾರಿಯೆಂದರೆ ಬೆಟ್ಟದ ಏರಿನಲ್ಲೇ ಬ್ಯಾಟರಿ ಮುಗಿದುಹೋಗುತ್ತದೆ ಎಂಬ ಅಂಜಿಕೆ ಬಹಳ ಜನರಿಗಿದೆ. ಇಬ್ಬರು ಸವಾರರೂ ಸೇರಿ 250 ಕಿಲೋ ತೂಗುವ ಸ್ಕೂಟರನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ, ಮೋಟರಿನ ನಷ್ಟವೂ ಸೇರಿ, ಒಂದು ಯೂನಿಟ್‌ನ ಹನ್ನೊಂದು-ಹನ್ನೆರಡನೇ ಒಂದು ಭಾಗ. ಸಮತಟ್ಟು ರಸ್ತೆಯಲ್ಲಿ ಅಷ್ಟು ಕರೆಂಟಿಗೆ ಗಾಡಿ ಎರಡೂವರೆ ಕಿ.ಮೀ. ಓಡುತ್ತಿತ್ತು. 100 ಮೀಟರ್ ಏರಿಗೆ ತೆರುವ ಬೆಲೆ ಅಷ್ಟೇ. ಇಳಿಜಾರಿನಲ್ಲಿ ಅದರ ಸ್ವಲ್ಪ ಪಾಲು ಬ್ಯಾಟರಿಗೆ ವಾಪಸೂ ಬರುತ್ತದೆ. ಏರಿಗಿಂತ ಬ್ಯಾಟರಿ ತಿನ್ನುವುದು ವೇಗ. ಅದಿರು ಲಾರಿಯನ್ನು ಹಿಂದೆ ಹಾಕಲು 70ಕ್ಕೆ ತಿರುವಿದ ಪ್ರತಿ ಸಲವೂ ಪರದೆಯ ಮೇಲಿನ ಕಿಲೋಮೀಟರ್ ಅಂಕಿ ಜರ್ರನೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಲಾರಿಗಳ ನಡುವೆ ಹಾಗೆ ನುಗ್ಗುವುದು ಬ್ಯಾಟರಿಯ ಪ್ರಶ್ನೆಯೊಂದೇ ಅಲ್ಲ ಎನ್ನುವುದು ಆ ರಸ್ತೆ ಬಲ್ಲವರಿಗೆ ಗೊತ್ತು.

ಕಂಪ್ಲಿಯ ತೊಡಕು ಬೇರೆ. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಸುತ್ತಿ ಹೋಗಬೇಕು, ದಾರಿ ದುಪ್ಪಟ್ಟಿಗೂ ಹೆಚ್ಚು. ದಿನವೂ ಗಂಗಾವತಿಗೆ ಹೋಗುವ ಕಂಪ್ಲಿಯವರು ಮಳೆಗಾಲದ ಈ ಸುತ್ತನ್ನೂ ಸೇರಿಸಿ ಬ್ಯಾಟರಿ ಆರಿಸಬೇಕು.

ಮನೆಯ ಮೀಟರು ಮತ್ತು ಗೃಹಜ್ಯೋತಿ

ಸ್ಕೂಟರ್‌ನ ಜೊತೆ ಬರುವ ಚಾರ್ಜರ್‌ಗೆ ಸಾಮಾನ್ಯವಾಗಿ ಮಿಕ್ಸಿ ಎಳೆಯುವಷ್ಟು ಕರೆಂಟ್ ಸಾಕು. ಆದರೆ ಮಿಕ್ಸಿ ಐದು ನಿಮಿಷ ಓಡುತ್ತದೆ, ಚಾರ್ಜರ್ ಐದು ಗಂಟೆ. ಸಡಿಲವಾದ ಹಳೆಯ 5 ಆಂಪಿಯರ್ ಸಾಕೆಟ್ಟು ಅಷ್ಟು ಹೊತ್ತಿನಲ್ಲಿ ಕಾದು ಕರಗುತ್ತದೆ. 16 ಆಂಪಿಯರ್ ಸಾಕೆಟ್ಟು, ಅದಕ್ಕೇ ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಇವಿಷ್ಟು ಹಾಕಿಸುವ ಖರ್ಚು ಗಾಡಿಯ ಬೆಲೆಯ ಮುಂದೆ ಏನೇನೂ ಅಲ್ಲ. ಎಕ್ಸ್‌ಟೆನ್ಷನ್ ವೈರನ್ನು ಕಿಟಕಿಯಿಂದ ಬೀದಿಗೆ ಎಳೆದು ಚಾರ್ಜ್ ಮಾಡುವುದು ಹೊಸಪೇಟೆಯ ಹಳೇ ಗಲ್ಲಿಗಳಲ್ಲಿ ತೀರಾ ಸುಲಭವೆನಿಸುವ ದಾರಿ, ತೀರಾ ಅಪಾಯದ್ದೂ ಅದೇ.

ದಿನಕ್ಕೆ 25 ಕಿ.ಮೀ. ಓಡುವ ಸ್ಕೂಟರ್‌ಗೆ ಗೋಡೆಯ ಪ್ಲಗ್ಗಿನಿಂದ ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು, ತಿಂಗಳಿಗೆ 30. ಗೃಹಜ್ಯೋತಿಯ ಫಲಾನುಭವಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ರಾಜ್ಯದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ಸಿಗುವುದು, 200 ಯೂನಿಟ್ ಮಿತಿಯೊಳಗೆ, ಆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಸಾಮಾನ್ಯವಾಗಿ ಅದರ ಮೇಲೆ ಶೇ 10 ಮಾತ್ರ. ಸರಾಸರಿ 90 ಯೂನಿಟ್ ಇದ್ದ ಮನೆಗೆ 99 ಉಚಿತ. ಸ್ಕೂಟರ್ ಬಂದು ಬಳಕೆ 120ಕ್ಕೇರಿದರೆ ಹೆಚ್ಚುವರಿ 21 ಯೂನಿಟ್‌ಗೆ ದುಡ್ಡು ಕಟ್ಟಿದರೆ ಮುಗಿಯಿತು. ಸರಾಸರಿ 175 ಯೂನಿಟ್ ಇದ್ದ ಮನೆಯ ಕಥೆ ಹಾಗಲ್ಲ. ಅಲ್ಲಿ 30 ಸೇರಿದರೆ 205 ಆಗಿ, 200ರ ಗೆರೆ ದಾಟಿದ್ದಕ್ಕೆ ಆ ತಿಂಗಳ ಬಿಲ್ಲು ಪೂರ್ತಿ ತಲೆಯ ಮೇಲೆ ಬರುತ್ತದೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ 1,200ಕ್ಕೂ ಹೆಚ್ಚು. ಅದೇ 750 ಕಿ.ಮೀ.ಗೆ ಪೆಟ್ರೋಲ್ ಸ್ಕೂಟರ್ ಲೀಟರಿಗೆ 45ರಂತೆ ಹದಿನಾರು-ಹದಿನೇಳು ಲೀಟರ್ ಕುಡಿಯುತ್ತದೆ ಎಂಬುದನ್ನು ನೆನೆದರೆ ಆಗಲೂ ನಷ್ಟವಿಲ್ಲ. ಆದರೆ ‘ಚಾರ್ಜಿಂಗ್ ಪುಕ್ಕಟೆ’ ಎಂಬ ಲೆಕ್ಕದ ಮೇಲೆ ಗಾಡಿ ಕೊಂಡವರಿಗೆ ಮೊದಲ ಬಿಲ್ಲು ಬಿಸಿ ಮುಟ್ಟಿಸುತ್ತದೆ. ವಿದ್ಯುತ್ ವಾಹನ ಚಾರ್ಜಿಂಗ್‌ಗೆ ರಾಜ್ಯದಲ್ಲಿ ಪ್ರತ್ಯೇಕ ದರಪಟ್ಟಿ ಇದೆ. ಮನೆಯ ಬಳಕೆ ಗೆರೆಯ ಹತ್ತಿರವಿರುವವರು ಪ್ರತ್ಯೇಕ ಮೀಟರ್ ಕುರಿತು ಜೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳುವುದು ಒಳ್ಳೆಯದು.

ಬಾಡಿಗೆ ಮನೆ, ಮಹಡಿ ಮನೆಯವರಿಗೆ ಬ್ಯಾಟರಿ ಬಿಚ್ಚಿ ಒಳಗೆ ತೆಗೆದುಕೊಂಡು ಹೋಗಬಹುದಾದ ಗಾಡಿಯೇ ಸರಿ. ಹತ್ತು ಕಿಲೋ ಭಾರವನ್ನು ಎರಡು ಮಹಡಿ ಹೊರುವ ಕೆಲಸ ಷೋರೂಮಿನಲ್ಲಿ ಒಮ್ಮೆ ಎತ್ತಿ ನೋಡಿದಷ್ಟು ಹಗುರವಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಆಟೋದ ಲೆಕ್ಕ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೊಸಪೇಟೆಯಿಂದ ಕಂಪ್ಲಿಗೋ ಸಂಡೂರಿಗೋ ಹೋಗುವ ಮಹಿಳೆ ಟಂಟಂ ಹತ್ತಲು ಕಾರಣವೇ ಉಳಿಯಲಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಅವರ ಟಿಕೆಟ್ಟಿಗೆ ದುಡ್ಡೇ ಇಲ್ಲ. ಆಟೋದವರ ದೂರು ನಿಜವೇ. ಆದರೆ ಬಸ್ಸು ಬಸ್ ನಿಲ್ದಾಣದಲ್ಲಿ ನಿಲ್ಲುತ್ತದೆ, ಮನೆ ಬಾಗಿಲಲ್ಲಿ ಅಲ್ಲ. ರೈಲ್ವೆ ಸ್ಟೇಷನ್, ಚಿತ್ತವಾಡಗಿ, ಅಮರಾವತಿ, ಟಿ.ಬಿ. ಡ್ಯಾಂ, ಎಂ.ಜೆ. ನಗರ ಎಂದು ಎರಡು-ಐದು ಕಿ.ಮೀ.ಗಳ ತುಂಡು ಓಟ ಆಟೋದವರಿಗೇ ಉಳಿದಿದೆ. ಮೂವತ್ತು ಕಿ.ಮೀ.ಗೆ ಬಸ್ಸು, ಮೂರು ಕಿ.ಮೀ.ಗೆ ಬ್ಯಾಟರಿ ಆಟೋ ಎಂಬ ಈ ಹಂಚಿಕೆಯೇ ಇಂಥ ಊರುಗಳಲ್ಲಿ ಮುಂದೆ ನಿಲ್ಲುವಂತೆ ಕಾಣುತ್ತದೆ. ನಿಂತು ನಿಂತು ಹೊರಡುವ ಓಟದಲ್ಲಿ ಪೆಟ್ರೋಲ್ ಎಂಜಿನ್ ಕಾಸು ಸುಡುತ್ತದೆ, ಸೀಟು ತುಂಬುವವರೆಗೆ ಸುಮ್ಮನೆ ನಿಲ್ಲುವ ಬ್ಯಾಟರಿ ಆಟೋ ಏನನ್ನೂ ಸುಡುವುದಿಲ್ಲ.

ಎಂಟು ಯೂನಿಟ್ ಬ್ಯಾಟರಿಯ ಇ-ಆಟೋ ತುಂಬು ಸೀಟಿನಲ್ಲಿ ಸುಮಾರು 100 ಕಿ.ಮೀ. ಓಡುತ್ತದೆ. ಅದನ್ನು ತುಂಬಿಸಲು ಗೋಡೆಯಿಂದ ಒಂಬತ್ತು ಯೂನಿಟ್; ಯೂನಿಟ್‌ಗೆ ಏಳು ರೂಪಾಯಿ ಹಿಡಿದರೆ 63 ರೂಪಾಯಿ, ಕಿ.ಮೀ.ಗೆ 63 ಪೈಸೆ. ಲೀಟರಿಗೆ 28 ಕಿ.ಮೀ. ಕೊಡುವ ಪೆಟ್ರೋಲ್ ಆಟೋಗೆ ಕಿ.ಮೀ.ಗೆ ಮೂರೂವರೆ ರೂಪಾಯಿ ದಾಟುತ್ತದೆ. ದಿನಕ್ಕೆ 80 ಕಿ.ಮೀ. ಓಡಿಸುವವರಿಗೆ ಉಳಿತಾಯ 230 ರೂಪಾಯಿಯಷ್ಟು, ತಿಂಗಳಿಗೆ 26 ದಿನದ ದುಡಿಮೆಯಲ್ಲಿ ಆರು ಸಾವಿರ. ಗಾಡಿಯ ಬೆಲೆ ಒಂದು ಲಕ್ಷ ಹೆಚ್ಚಿದ್ದರೂ ಒಂದೂವರೆ ವರ್ಷದಲ್ಲಿ ತೀರುತ್ತದೆ. ದಿನಕ್ಕೆ 40 ಕಿ.ಮೀ. ಮಾತ್ರ ಓಡಿಸುವವರಿಗೆ ಅದೇ ಲೆಕ್ಕ ಮೂರು ವರ್ಷಕ್ಕೆ ಹಿಗ್ಗುತ್ತದೆ. ಸಾಲದ ಬಡ್ಡಿ ಸೇರಿದರೆ ಇನ್ನೂ ಮುಂದಕ್ಕೆ. ಅಂಥವರು ಅವಸರಪಡಬೇಕಿಲ್ಲ.

ಅಗ್ಗವೆಂದು ಸೀಸದ ಬ್ಯಾಟರಿಯ ಇ-ರಿಕ್ಷಾ ಕೊಳ್ಳುವುದು ಬಳ್ಳಾರಿ ಸೀಮೆಯಲ್ಲಿ ಕೈಸುಡುವ ವ್ಯವಹಾರ. ಸೀಸ-ಆಮ್ಲದ ಬ್ಯಾಟರಿ 25 ಡಿಗ್ರಿಗಿಂತ ಪ್ರತಿ ಹತ್ತು ಡಿಗ್ರಿ ಹೆಚ್ಚು ಶಾಖದಲ್ಲಿ ಅರ್ಧ ಆಯುಸ್ಸು ಕಳೆದುಕೊಳ್ಳುತ್ತದೆ ಎಂಬುದು ಎಲ್ಲ ಬ್ಯಾಟರಿ ಕೆಲಸದವರ ಲೆಕ್ಕ. ಏಪ್ರಿಲ್–ಮೇನಲ್ಲಿ 40 ದಾಟುವ ಊರಿನಲ್ಲಿ ನಾಲ್ಕು ಬ್ಯಾಟರಿಗಳ ಸೆಟ್ಟನ್ನು ವರ್ಷ, ಒಂದೂವರೆ ವರ್ಷಕ್ಕೊಮ್ಮೆ ಬದಲಾಯಿಸುತ್ತಲೇ ಇರಬೇಕಾಗುತ್ತದೆ. ಲಿಥಿಯಂ ಬ್ಯಾಟರಿಗಳಲ್ಲಿ ಕಬ್ಬಿಣ-ಫಾಸ್ಫೇಟ್ ಬಗೆ ತೂಕದಲ್ಲಿ ಸ್ವಲ್ಪ ಹೆಚ್ಚು, ಬಿಸಿಲಿಗೂ ಬಾಳಿಕೆಗೂ ಎತ್ತಿದ ಕೈ. ಎರಡು ಸಾವಿರ ಸಲ ಚಾರ್ಜ್ ಆದರೂ ಬಹುಪಾಲು ಶಕ್ತಿ ಉಳಿಸಿಕೊಳ್ಳುತ್ತದೆ. ಕಬ್ಬಿಣದ ಅದಿರಿನ ಸೀಮೆಗೆ ಹೆಸರಿನಿಂದಲೂ ಒಪ್ಪುವ ಬ್ಯಾಟರಿ.

ದಿನಕ್ಕೆ 100 ಕಿ.ಮೀ. ಮೀರಿ ಓಡಬೇಕಾದ ಆಟೋಗೆ ಕಠ್ಮಂಡುವಿನ ಪಾಠ ಇದೆ. ಅಲ್ಲಿ 1990ರ ದಶಕದಿಂದ ಓಡುತ್ತಿರುವ ಸಫಾ ಟೆಂಪೊ ಎಂಬ ಮೂರು ಚಕ್ರದ ಬ್ಯಾಟರಿ ಗಾಡಿಗಳು ಮಧ್ಯಾಹ್ನ ಚಾರ್ಜಿಂಗ್ ಕೇಂದ್ರಕ್ಕೆ ಬಂದು, ಬರಿದಾದ ಬ್ಯಾಟರಿ ಇಳಿಸಿ ತುಂಬಿದ್ದನ್ನು ಹಾಕಿಕೊಂಡು ಮತ್ತೆ ರಸ್ತೆಗಿಳಿಯುತ್ತವೆ. ಅವುಗಳನ್ನು ಓಡಿಸುವವರಲ್ಲೂ ಮಹಿಳೆಯರು ಬಹಳ. ಹೊಸಪೇಟೆಯಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಿಸಿಲಿಗೆ ಹೇಗೂ ಸೀಟು ಸಿಗುವುದಿಲ್ಲ. ಬಸ್ ನಿಲ್ದಾಣದ ಹತ್ತಿರ ನೆರಳಿನ ಕೆಳಗೆ ಹತ್ತು 16 ಆಂಪಿಯರ್ ಪ್ಲಗ್ಗುಗಳಿದ್ದರೆ ಆ ಎರಡು ಗಂಟೆಯಲ್ಲಿ ಅರ್ಧ ಬ್ಯಾಟರಿ ತುಂಬುತ್ತದೆ. ಹೆದ್ದಾರಿ ಬದಿ ಕಾರುಗಳಿಗೆಂದು ಹಾಕುವ ದುಬಾರಿ ಚಾರ್ಜರ್‌ಗಿಂತ ಇಂಥ ಸಾದಾ ಪ್ಲಗ್ಗಿನ ಸಾಲಿನಿಂದ ಹೆಚ್ಚು ಸಂಸಾರಗಳಿಗೆ ಉಪಯೋಗ.

ಕಂಪ್ಲಿಯ ಬಾಳೆ, ಭತ್ತ, ತರಕಾರಿಯ ಮಟ್ಟಿಗೂ ಇದೇ ಮಾತು. ತೋಟದಿಂದ ಮಾರುಕಟ್ಟೆಗೆ ಬೆಳಿಗ್ಗೆ ಎರಡು ಟ್ರಿಪ್ಪು ಹೊಡೆದು ದಿನವಿಡೀ ನಿಲ್ಲುವ ಸರಕಿನ ಗಾಡಿಯನ್ನು ಬ್ಯಾಟರಿಗೆ ಬದಲಿಸುವುದು ಸುಲಭ. ಲೋಡು ಸಿಕ್ಕರೆ ಬಳ್ಳಾರಿ, ಸಿಂಧನೂರಿಗೂ ಹೊರಡುವ ಗಾಡಿಯವರಿಗೆ ಸದ್ಯಕ್ಕೆ ಡೀಸೆಲ್ಲೇ ಗತಿ.

ಬಿಸಿಲು, ಕೆಂಧೂಳು, ನೀರು

ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಬಂದ ಗಾಡಿಯನ್ನು ಕೂಡಲೇ ಚಾರ್ಜಿಗೆ ಹಾಕಬಾರದು. ಒಳಗಿನ ಶಾಖ 45 ಡಿಗ್ರಿ ದಾಟಿದ್ದರೆ ಬ್ಯಾಟರಿಯ ನಿಯಂತ್ರಣ ವ್ಯವಸ್ಥೆ ತಾನೇ ಚಾರ್ಜಿಂಗ್ ತಡೆಯಬಹುದು, ಇಲ್ಲವೇ ನಿಧಾನಿಸಬಹುದು. ಅದನ್ನು ಕಂಡು ಗಾಡಿ ಕೆಟ್ಟಿತೆಂದು ಮೆಕ್ಯಾನಿಕ್ ಬಳಿ ಓಡುವವರೂ ಉಂಟು. ಒಂದು ಗಂಟೆ ನೆರಳಿನಲ್ಲಿ ಆರಲು ಬಿಟ್ಟು, ಆದಷ್ಟೂ ರಾತ್ರಿ ಚಾರ್ಜ್ ಮಾಡುವುದೇ ಈ ಸೀಮೆಗೆ ಸರಿಯಾದ ಕ್ರಮ. ತಗಡಿನ ಶೆಡ್ಡು ನೆರಳಲ್ಲ, ಒಲೆ.

ಸಂಡೂರು, ದೋಣಿಮಲೈ, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಚಾರ್ಜಿಂಗ್ ಸಾಕೆಟ್ಟಿನೊಳಗೆ ಬೆರಳು ಹಾಕಿ ತೆಗೆದರೆ ತುದಿಗೆ ಕುಂಕುಮ ಹತ್ತಿದಂತೆ ಕೆಂಪಾಗುತ್ತದೆ. ಅದಿರಿನ ಈ ನುಣುಪು ಧೂಳು ಪಿನ್ನುಗಳ ನಡುವೆ ಕೂತು ಸಂಪರ್ಕ ಸಡಿಲಿಸುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ. ವಾರಕ್ಕೊಮ್ಮೆ ಒಣಗಿದ ಬ್ರಷ್‌ನಿಂದ ಕೊಡವುವುದು, ಮುಚ್ಚಳ ಹರಿದಿದ್ದರೆ ಕೂಡಲೇ ಬದಲಿಸುವುದು ಪೆಟ್ರೋಲ್ ಗಾಡಿಯ ಆಯಿಲ್ ಬದಲಿಸಿದಷ್ಟೇ ಮುಖ್ಯ. ಪ್ರೆಷರ್ ಪಂಪಿನ ನೀರನ್ನು ಆ ಭಾಗಕ್ಕೆ ಹಿಡಿಯಬಾರದು. ಐಪಿ67 ಎಂಬ ಗುರುತಿರುವ ಬ್ಯಾಟರಿ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ, ಆದರೆ ಆ ಭರವಸೆ ಬ್ಯಾಟರಿ ಪೆಟ್ಟಿಗೆಗೆ. ಗಾಡಿಯ ಉಳಿದ ವೈರಿಂಗ್‌ಗಲ್ಲ. ಹಳ್ಳದ ನೀರು ದಾಟಿದ ದಿನ ಗಾಡಿ ಪೂರ್ತಿ ಒಣಗುವ ತನಕ ಪ್ಲಗ್ ಹಾಕದಿರುವುದೇ ಕ್ಷೇಮ.

ಕೊಳ್ಳುವ ದಿನ

2019ರ ಆಗಸ್ಟ್‌ನಿಂದ ವಿದ್ಯುತ್ ವಾಹನಗಳಿಗೆ ಜಿಎಸ್‌ಟಿ ಶೇ 5. 2025ರ ಸೆಪ್ಟೆಂಬರ್‌ನಲ್ಲಿ 350 ಸಿಸಿವರೆಗಿನ ಪೆಟ್ರೋಲ್ ದ್ವಿಚಕ್ರಗಳ ತೆರಿಗೆಯೂ ಶೇ 28ರಿಂದ 18ಕ್ಕೆ ಇಳಿದು ಬೆಲೆಯ ಅಂತರ ಮತ್ತೆ ಸ್ವಲ್ಪ ಹಿಗ್ಗಿತು. ಕೇಂದ್ರದ ಸಬ್ಸಿಡಿ ವರ್ಷದಿಂದ ವರ್ಷಕ್ಕೆ ಕರಗುತ್ತಾ ಬಂದಿದೆ. ಸಬ್ಸಿಡಿ ಇಲ್ಲವೆಂದೇ ಲೆಕ್ಕ ಹಾಕಿ, ಬಂದರೆ ಲಾಭವೆಂದುಕೊಳ್ಳುವುದು ಮೇಲು. ರಾಜ್ಯದ ವಾಹನ ತೆರಿಗೆಯ ವಿನಾಯಿತಿ ಆ ದಿನ ಎಷ್ಟಿದೆ ಎಂಬುದನ್ನು ಮಾರಾಟಗಾರನ ಬಾಯಿಂದ ಕೇಳುವುದಕ್ಕಿಂತ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಬ್ಯಾಟರಿ ಎಐಎಸ್-156 ಎಂಬ ಸುರಕ್ಷತಾ ಮಾನದಂಡದ ತಿದ್ದುಪಡಿಯಾದ ರೂಪಕ್ಕೆ ಒಪ್ಪಿರಬೇಕು. ಅಲ್ಲಲ್ಲಿ ಸ್ಕೂಟರ್‌ಗಳು ಹೊತ್ತಿ ಉರಿದ 2022ರ ಬೇಸಿಗೆಯ ಬಳಿಕ, ಆ ವರ್ಷದ ಡಿಸೆಂಬರ್‌ನಿಂದ ಹಂತಹಂತವಾಗಿ ಅದು ಕಡ್ಡಾಯವಾಯಿತು. ಅದಕ್ಕೂ ಹಿಂದೆ ತಯಾರಾದ ಸೆಕೆಂಡ್ ಹ್ಯಾಂಡ್ ಗಾಡಿಗಳನ್ನು ಬೆಲೆಗೆ ಮರುಳಾಗಿ ಕೊಳ್ಳಬಾರದು. ವಾರಂಟಿಯಲ್ಲಿ ವರ್ಷದ ಜೊತೆ ಕಿ.ಮೀ. ಮಿತಿಯೂ ಇರುತ್ತದೆ, ದಿನಕ್ಕೆ 80 ಕಿ.ಮೀ. ಓಡುವ ಆಟೋ ವರ್ಷಕ್ಕೆ ಹೆಚ್ಚುಕಡಿಮೆ 25,000 ಮುಟ್ಟುವುದರಿಂದ ಐದು ವರ್ಷದ ವಾರಂಟಿ ಮೂರೇ ವರ್ಷದಲ್ಲಿ ಮುಗಿಯಬಹುದು. ಎಲ್ಲಕ್ಕಿಂತ ಮೊದಲು, ಆ ಕಂಪನಿಯ ಸರ್ವಿಸ್ ಕೇಂದ್ರ ಹೊಸಪೇಟೆಯಲ್ಲಿದೆಯೇ, ಇಲ್ಲವೇ ಪ್ರತಿ ಸಣ್ಣ ದೋಷಕ್ಕೂ ಗಾಡಿಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗಬೇಕೇ ಎಂದು ನೋಡಬೇಕು. ಪಂಕ್ಚರ್ ಹಾಕುವವರು ಪ್ರತಿ ಸರ್ಕಲ್ಲಿನಲ್ಲೂ ಸಿಗುತ್ತಾರೆ, ಕಂಟ್ರೋಲರ್ ಬೋರ್ಡ್ ನೋಡುವವರು ಸಿಗುವುದಿಲ್ಲ.

ಸವೆದ ಬ್ಯಾಟರಿಯನ್ನು ಗುಜರಿಗೆ ಹಾಕುವಂತಿಲ್ಲ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆ ಉತ್ಪಾದಕರದು. ಸೀಸದ ಬ್ಯಾಟರಿಗೆ ಹಳೆಯದು ಕೊಟ್ಟು ಹೊಸದು ಕೊಳ್ಳುವ ರೂಢಿ ಮೊದಲಿನಿಂದಲೂ ಇದೆ. ಲಿಥಿಯಂಗೆ ಇಂಥ ಊರುಗಳಲ್ಲಿ ಆ ರೂಢಿ ಇನ್ನೂ ಬೆಳೆಯಬೇಕು. ವಾಹನಕ್ಕೆ ಸಾಲದಾದ ಬ್ಯಾಟರಿಯಲ್ಲೂ ಮುಕ್ಕಾಲು ಪಾಲು ಸಾಮರ್ಥ್ಯ ಉಳಿದಿರುತ್ತದೆ, ಪರಿಣತರು ಅದನ್ನು ಪರೀಕ್ಷಿಸಿ ಮರುಜೋಡಿಸಿದರೆ ಅಂಗಡಿಯ ಇನ್ವರ್ಟರಿಗೋ ಸೋಲಾರ್ ದೀಪಕ್ಕೋ ಇನ್ನೂ ಕೆಲವು ವರ್ಷ ಬರುತ್ತದೆ. ಆದ್ದರಿಂದ ಹೊಸ ಗಾಡಿಯ ಬೆಲೆ ಮಾತಾಡುವಾಗಲೇ ಹಳೇ ಬ್ಯಾಟರಿಯನ್ನು ಯಾರು, ಎಲ್ಲಿ, ಎಷ್ಟಕ್ಕೆ ವಾಪಸ್ ತೆಗೆದುಕೊಳ್ಳುತ್ತಾರೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.